ಲಯ ಎಂಬ ಮಾತು: ಮುಂಬೈ, ಪುಣೆಯ ಕನ್ನಡ ಭಜನೆಗಾರರಿಗೂ ಬರೆಯುವವರಿಗೂ ಒಂದು ಕೈಪಿಡಿ

ಮುಂಬೈಯ ಕನ್ನಡ ಭಜನಾ ಮಂಡಳಿಗಳಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಆಗುತ್ತದೆ. ಹಾಡುವವರು ಊರಲ್ಲಿ ಕರ್ನಾಟಕ ಸಂಗೀತದ ಪಾಠ ಹೇಳಿಸಿಕೊಂಡವರು. ತಬಲಾ ನುಡಿಸಲು ಬಂದವರು ಮರಾಠಿ ಮಾತಿನವರು, ಹಿಂದುಸ್ತಾನಿ ಕಲಿತವರು. ಪದದ ನಡುವೆ ತಬಲಾದವರು ‘ಲಯ ಥೋಡೀ ವಾಢವಾ’ ಎನ್ನುತ್ತಾರೆ. ಅವರು ಕೇಳಿದ್ದು ಇಷ್ಟೇ: ವೇಗ ಸ್ವಲ್ಪ ಏರಿಸಿ. ಹಾಡುವವರಿಗೆ ಅದು ‘ನಿಮ್ಮ ಲಯ ಸಾಲದು’ ಎಂದು ಕೇಳಿಸುತ್ತದೆ. ಮುಖ ಸಣ್ಣದಾಗುತ್ತದೆ, ಹಾಡು ಮುಗ್ಗರಿಸುತ್ತದೆ. ಇಬ್ಬರೂ ಬಳಸಿದ್ದು ಒಂದೇ ಶಬ್ದ. ಇಬ್ಬರ ಮನಸ್ಸಿನಲ್ಲಿದ್ದ ಅರ್ಥ ಬೇರೆ ಬೇರೆ.

ಲಯವನ್ನು ಕಿವಿಯಿಂದ ಹಿಡಿಯುವುದು, ಕೈಯಿಂದ ಅಳೆಯುವುದು, ಬಾಯಿಂದ ಸರಿಯಾಗಿ ಹೇಳುವುದು, ಕೊನೆಗೆ ಬರವಣಿಗೆಯಲ್ಲಿ ತಪ್ಪಿಲ್ಲದೆ ಬಳಸುವುದು ಹೇಗೆಂದು ಕ್ರಮವಾಗಿ ನೋಡೋಣ.

ಮೊದಲು ಅರ್ಥ

ಸಂಸ್ಕೃತದ ‘ಲೀ’ ಧಾತುವಿನಿಂದ ಬಂದ ಪದ ಇದು. ಕರಗು, ಸೇರಿಹೋಗು, ಅಂಟಿ ನಿಲ್ಲು ಎಂಬ ಅರ್ಥಗಳು ಅದಕ್ಕಿವೆ. ಲೀನ, ತಲ್ಲೀನ, ವಿಲೀನ, ಪ್ರಳಯ, ಆಲಯ ಎಲ್ಲವೂ ಅದೇ ಮನೆಯ ಮಕ್ಕಳು. ಸೃಷ್ಟಿ, ಸ್ಥಿತಿ, ಲಯ ಎನ್ನುವಾಗ ಲಯವೆಂದರೆ ಕರಗಿ ಇಲ್ಲವಾಗುವುದು. ಸಂಗೀತದಲ್ಲಿ ಕರಗುವುದು ಏನು? ಒಂದು ಪೆಟ್ಟಿನ ಸದ್ದು ಮುಂದಿನ ಪೆಟ್ಟಿನವರೆಗಿನ ಬಿಡುವಿನಲ್ಲಿ ಕರಗುತ್ತದೆ. ಆ ಬಿಡುವೇ ಲಯ.

ಇದು ಹಳೆಯ ಶಾಸ್ತ್ರಕಾರರ ಮಾತು. ಇಂದಿನ ಮಹಾರಾಷ್ಟ್ರದಲ್ಲಿರುವ ದೇವಗಿರಿಯಲ್ಲಿ, ಯಾದವರ ಆಶ್ರಯದಲ್ಲಿ, 13ನೇ ಶತಮಾನದಲ್ಲಿ ‘ಸಂಗೀತರತ್ನಾಕರ’ ಬರೆದ ಶಾರ್ಙ್ಗದೇವ ಲಯವನ್ನು ಒಂದು ಕ್ರಿಯೆ ಮುಗಿದ ಮೇಲಿನ ವಿಶ್ರಾಂತಿ ಎಂದು ಹೇಳುತ್ತಾನೆ. ಆ ವಿಶ್ರಾಂತಿ ತೀರ ಚಿಕ್ಕದಾದರೆ ದ್ರುತ, ಅದರ ಎರಡರಷ್ಟಾದರೆ ಮಧ್ಯ, ಮಧ್ಯದ ಎರಡರಷ್ಟಾದರೆ ವಿಲಂಬಿತ. ಅಮರಕೋಶ ಇನ್ನೂ ಚುಟುಕಾಗಿ ಲಯಕ್ಕೆ ‘ಸಾಮ್ಯ’ ಎಂಬ ಅರ್ಥ ಕೊಡುತ್ತದೆ. ಎಲ್ಲ ಬಿಡುವುಗಳೂ ಸಮನಾಗಿರಬೇಕು, ಅಷ್ಟೇ. ಎರಡನ್ನೂ ಜೋಡಿಸಿ ಓದಿದರೆ ಪೂರ್ಣ ಅರ್ಥ ಸಿಗುತ್ತದೆ. ಬಿಡುವಿನ ಉದ್ದ ಒಂದು ಮುಖ; ಆ ಉದ್ದವನ್ನು ಏರುಪೇರಿಲ್ಲದೆ ಕಾಯ್ದುಕೊಳ್ಳುವುದು ಇನ್ನೊಂದು ಮುಖ. ಹಿಂದುಸ್ತಾನಿಯವರು ಮಾತಿನಲ್ಲಿ ಮೊದಲನೆಯದನ್ನು ಹಿಡಿದರು, ಹಾಗಾಗಿ ಅವರಿಗೆ ಲಯ ಎಂದರೆ ಹೆಚ್ಚಾಗಿ ವೇಗ. ಕರ್ನಾಟಕ ಪದ್ಧತಿಯವರು ಎರಡನೆಯದನ್ನು ಹಿಡಿದರು. ವೇಗಕ್ಕೆ ಅವರು ಕಾಲಪ್ರಮಾಣ ಎಂಬ ಬೇರೆ ಮಾತನ್ನೇ ಇಟ್ಟುಕೊಂಡಿದ್ದಾರೆ.

ಮರಾಠಿ ನೆಲದಲ್ಲಿರುವವರು ಮೂರನೆಯ ಒಂದು ‘ಲಯ’ವನ್ನೂ ತಿಳಿದಿರಬೇಕು. ಪುಣೆ, ಸಾತಾರಾ, ಕೊಲ್ಹಾಪುರದ ಆಡುಮಾತಿನಲ್ಲಿ ‘ಲಯ್ ಭಾರೀ’ ಎಂದರೆ ಬಹಳ ಚೆನ್ನಾಗಿದೆ ಎಂದರ್ಥ. ಮರಾಠಿಯಲ್ಲಿ ಬರೆದಾಗ ಅಕ್ಷರಗಳು ಅವೇ ಆದರೂ ಅದಕ್ಕೂ ತಾಳಕ್ಕೂ ಸಂಬಂಧವಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ವಾಟ್ಸಾಪಿನಲ್ಲಿ ಯಾರಾದರೂ ಹಾಗೆ ಬರೆದರೆ ಅದನ್ನು ತಾಳದ ವಿಮರ್ಶೆ ಎಂದುಕೊಳ್ಳಬೇಡಿ.

ಲಯ ಹಿಡಿಯುವ ಅಭ್ಯಾಸ

ಬೇಕಾದದ್ದು ಎರಡು ಕೈ, ಸೆಕೆಂಡು ತೋರಿಸುವ ಗಡಿಯಾರ ಮತ್ತು ಮೊಬೈಲಿನ ಒಂದು ಮೆಟ್ರೊನೋಮ್ ಆ್ಯಪ್.

ಒಂದನೇ ಹೆಜ್ಜೆ. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಪ್ರತಿ ಟಿಕ್ಕಿಗೂ ಚಪ್ಪಾಳೆ ಹೊಡೆಯಿರಿ. ಚಪ್ಪಾಳೆ ಸರಿಯಾಗಿ ಬಿದ್ದರೆ ಟಿಕ್ಕಿನ ಸದ್ದು ಮುಚ್ಚಿಹೋಗಿ ಕೇಳಿಸುವುದೇ ಇಲ್ಲ. ಟಿಕ್ಕು ಬೇರೆಯಾಗಿ ಕೇಳಿಸಿತೆಂದರೆ ಕೈ ಮುಂದಾಗಿದೆ ಅಥವಾ ಹಿಂದಾಗಿದೆ. ಹೊಸಬರ ಕೈ ಸಾಮಾನ್ಯವಾಗಿ ಮುಂದೆ ಓಡುತ್ತದೆ, ಏಕೆಂದರೆ ಬಿಡುವಿನಲ್ಲಿ ಸುಮ್ಮನಿರುವುದು ಪೆಟ್ಟು ಹೊಡೆಯುವುದಕ್ಕಿಂತ ಕಷ್ಟ.

ಎರಡನೇ ಹೆಜ್ಜೆ. ಮೆಟ್ರೊನೋಮನ್ನು 30ಕ್ಕೆ ಇಳಿಸಿ, ಚಪ್ಪಾಳೆಯ ವೇಗ ಮಾತ್ರ ಮೊದಲಿನದೇ ಇರಲಿ. ಈಗ ಎರಡು ಚಪ್ಪಾಳೆಗೆ ಒಂದು ಟಿಕ್ಕು. ಆಮೇಲೆ 20ಕ್ಕೆ ಇಳಿಸಿದರೆ ಮೂರಕ್ಕೊಂದು. ನಡುವಿನ ಚಪ್ಪಾಳೆಗಳಿಗೆ ಯಂತ್ರದ ಆಸರೆ ಇಲ್ಲ. ಒಳಗಿನ ಎಣಿಕೆಯೇ ನಡೆಸಬೇಕು. ಲಯಜ್ಞಾನ ಬೆಳೆಯುವುದು ಇಲ್ಲಿಯೇ. 60ರಲ್ಲೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಯಂತ್ರ ನಿಲ್ಲಿಸಿದ ಕೂಡಲೇ ತಡವರಿಸುವುದಕ್ಕೆ ಕಾರಣ ಈ ಹೆಜ್ಜೆಯನ್ನು ದಾಟದೆ ಬಿಟ್ಟದ್ದು.

ಮೂರನೇ ಹೆಜ್ಜೆ. ಆದಿತಾಳ ಹಾಕಿ. ಒಂದು ಪೆಟ್ಟು, ಕಿರುಬೆರಳಿಂದ ಹಿಡಿದು ಮೂರು ಬೆರಳೆಣಿಕೆ, ಪೆಟ್ಟು ಮತ್ತು ಬೀಸು, ಮತ್ತೆ ಪೆಟ್ಟು ಮತ್ತು ಬೀಸು, ಒಟ್ಟು 8 ಅಕ್ಷರ, ಅಂದರೆ 8 ಎಣಿಕೆ. ನಿಮಿಷಕ್ಕೆ 64 ಇಟ್ಟುಕೊಂಡರೆ ಲೆಕ್ಕ ಸುಲಭ: ಸರಿಯಾಗಿ ಒಂದು ನಿಮಿಷಕ್ಕೆ 8 ಆವರ್ತನ, ಅಂದರೆ ತಾಳದ 8 ಸುತ್ತು ಮುಗಿಯುತ್ತದೆ. ಇನ್ನು ಮೆಟ್ರೊನೋಮ್ ನಿಲ್ಲಿಸಿ, ಗಡಿಯಾರ ನೋಡದೆ 8 ಆವರ್ತನ ಹಾಕಿ, ಕೊನೆಗೆ ಸಮಯ ನೋಡಿ. 52 ಸೆಕೆಂಡಿಗೇ ಮುಗಿದಿದ್ದರೆ ನಿಮ್ಮ ವೇಗ 74ರ ಹತ್ತಿರ ಏರಿದೆ. 58ರಿಂದ 62ರ ಒಳಗೆ ಮುಗಿದರೆ ಭಜನೆಗೆ ಧಾರಾಳ ಸಾಕು. ಡೊಂಬಿವಲಿಯಿಂದ ಲೋಕಲ್ ಹಿಡಿದು ನಿತ್ಯ ಮುಂಬೈಯ ಕೋಟೆ (ಫೋರ್ಟ್) ಕಡೆಗೆ ಹೋಗುವವರು ನಿಂತಲ್ಲೇ, ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈಯ ಬೆರಳನ್ನು ತೊಡೆಗೆ ತಾಗಿಸಿ ಇದನ್ನು ಮಾಡಬಹುದು. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ.

ನಾಲ್ಕನೇ ಹೆಜ್ಜೆ ನಡೆ. ಒಂದು ಪೆಟ್ಟಿನ ಒಳಗಿನ ಬಿಡುವನ್ನು ಸಮವಾಗಿ ಹಂಚುವ ರೀತಿ ಅದು. ತ್ರಿಶ್ರಕ್ಕೆ ತಕಿಟ, ಚತುರಶ್ರಕ್ಕೆ ತಕದಿಮಿ, ಖಂಡಕ್ಕೆ ತಕತಕಿಟ, ಮಿಶ್ರಕ್ಕೆ ತಕಿಟ ತಕದಿಮಿ, ಸಂಕೀರ್ಣಕ್ಕೆ ತಕದಿಮಿ ತಕತಕಿಟ. ಈ ಸೊಲ್ಲುಗಳು ನಾಲಗೆಗೆ ಹೊಸತಾದರೆ ಕನ್ನಡ ಪದಗಳೇ ಸಾಕು. ಎಲ್ಲವೂ ಲಘು ಇರುವ ಪದಗಳನ್ನು ಆರಿಸಿ. ಮೂರಕ್ಕೆ ‘ಕಮಲ’, ನಾಲ್ಕಕ್ಕೆ ‘ದಳದಲಿ’, ಐದಕ್ಕೆ ‘ಕಮಲದಲಿ’, ಏಳಕ್ಕೆ ‘ಕಮಲ ದಳದಲಿ’, ಒಂಬತ್ತಕ್ಕೆ ‘ದಳದಲಿ ಕಮಲದಲಿ’. ಪೆಟ್ಟಿನ ವೇಗ 60ರಲ್ಲೇ ಇರಲಿ, ಪದ ಮಾತ್ರ ಬದಲಾಗಲಿ.

ಹೆಚ್ಚಿನವರು ಎಡವುವುದು ತ್ರಿಶ್ರದಲ್ಲಿ. ಕೈ ಚತುರಶ್ರಕ್ಕೆ ಒಗ್ಗಿರುವುದರಿಂದ ‘ಕ-ಮ-ಲ’ ಎಂದು ಹೇಳಿ ಕೊನೆಯಲ್ಲಿ ಒಂದು ಮೌನ ಸೇರಿಸಿಬಿಡುತ್ತಾರೆ. ಅದು ಮೂರಲ್ಲ, ಒಂದು ಕಳೆದ ನಾಲ್ಕು. ನಿಲ್ಲದೆ ‘ಕಮಲ ಕಮಲ ಕಮಲ’ ಎಂದು ಹತ್ತು ಸಲ ಹೇಳಿ, ಆಮೇಲೆ ಪ್ರತಿ ‘ಕ’ದ ಮೇಲೆ ಚಪ್ಪಾಳೆ ಸೇರಿಸಿ. ಮಾತು ಮೊದಲು, ಪೆಟ್ಟು ನಂತರ. ಹಿಂದುಮುಂದು ಮಾಡಿದರೆ ಹಳೆಯ ಅಭ್ಯಾಸ ಮತ್ತೆ ತಲೆಯೆತ್ತುತ್ತದೆ.

ಒಂದೇ ವಾಕ್ಯ, ನಾಲ್ಕು ಲಯ

ಕನ್ನಡದವರಿಗೆ ಲಯ ಕಲಿಯಲು ಸಂಗೀತಕ್ಕಿಂತ ಹತ್ತಿರದ ದಾರಿ ಛಂದಸ್ಸು. ರಗಳೆ, ಷಟ್ಪದಿಗಳ ಮಾತ್ರಾಗಣ ನಡೆದು ಬಂದ ದಾರಿಯೂ ತಾಳದ ದಾರಿಯೂ ಒಂದೇ. ಅಳತೆ ನೆನಪಿರಲಿ: ಹ್ರಸ್ವಾಕ್ಷರಕ್ಕೆ 1 ಮಾತ್ರೆ, ಅದು ಲಘು. ದೀರ್ಘಾಕ್ಷರ, ಐ ಮತ್ತು ಔ ಕಾರ, ಅನುಸ್ವಾರ ಅಥವಾ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಇವಕ್ಕೆ 2 ಮಾತ್ರೆ, ಅದು ಗುರು.

ಮುಂಬೈಯವರ ಬಾಯಲ್ಲಿ ದಿನವೂ ಬರುವ ಒಂದು ಮಾತನ್ನೇ ತೆಗೆದುಕೊಳ್ಳೋಣ.

‘ರೈಲು ಬಂತು ಬೇಗ ಏರಿ.’ ಅಳೆದರೆ ರೈಲು 3, ಬಂತು 3, ಬೇಗ 3, ಏರಿ 3. ಇದು ಉತ್ಸಾಹ ರಗಳೆಯ ನಡೆ, ತ್ರಿಶ್ರ. ತಬಲಾದಲ್ಲಿ 6 ಮಾತ್ರೆಯ ದಾದ್ರಾಕ್ಕೆ ಹೇಳಿ ಮಾಡಿಸಿದಂತೆ ಕೂರುತ್ತದೆ.

‘ರೈಲಿದು ಬಂದಿತು ಬೇಗನೆ ಏರಿರಿ.’ ಈಗ ನಾಲ್ಕು ನಾಲ್ಕು ಮಾತ್ರೆಯ ನಾಲ್ಕು ಗಣ. ಚತುರಶ್ರ. ಆದಿತಾಳಕ್ಕೂ ಹೊಂದುತ್ತದೆ, 8 ಮಾತ್ರೆಯ ಕೆಹರವಾಕ್ಕೂ ಹೊಂದುತ್ತದೆ.

‘ಬಂದಿತದೊ ರೈಲೀಗ ಬೇಗದಲಿ ಏರಿಕೊಳಿ.’ ಐದರ ನಾಲ್ಕು ಗಣ, 20 ಮಾತ್ರೆ. ಲಲಿತ ರಗಳೆಯ ಸಾಲಿನ ಅಳತೆ ಇದೇ. ಒಂದೊಂದು ಗಣವೂ ಗುರುವಿನಿಂದ ಶುರುವಾಗುವುದರಿಂದ ಒಡೆದಾಗ 2+3 ಆಗುತ್ತದೆ. ಕರ್ನಾಟಕ ಪದ್ಧತಿಯ ಖಂಡಛಾಪು 2+3, ತಬಲಾದ ಝಪ್‌ತಾಲ್ 2+3+2+3. ಎರಡಕ್ಕೂ ಒತ್ತು ಅದದೇ ಜಾಗದಲ್ಲಿ ಬೀಳುತ್ತದೆ.

‘ರೈಲು ಬಂದಿತು ಬೇಗ ಏರಿರಿ.’ ಇದು 3+4+3+4, ಒಟ್ಟು 14. ಭಾಮಿನಿ ಷಟ್ಪದಿಯ ಮೊದಲ ಸಾಲಿನ ಅಳತೆ! ಷಟ್ಪದಿಯ 1, 2, 4, 5ನೇ ಸಾಲುಗಳು ಹೀಗೆ. 3 ಮತ್ತು 6ನೇ ಸಾಲುಗಳಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಗಮಕ ವಾಚನಕ್ಕೆ ಕೂರುವವರಿಗೆ 3+4ರ ಮಿಶ್ರಛಾಪು ತಾಳ ಏಕೆ ಅಷ್ಟು ಸಲೀಸಾಗಿ ಹೊಂದುತ್ತದೆ ಎಂಬುದಕ್ಕೆ ಉತ್ತರ ಈ ಏಳರಲ್ಲಿದೆ.

ನಾಲ್ಕು ಸಾಲನ್ನೂ ಗಟ್ಟಿಯಾಗಿ ಹೇಳಿ, ಗಣದ ಮೊದಲ ಅಕ್ಷರಕ್ಕೆ ಪೆಟ್ಟು ಹಾಕಿ. ಹೇಳುವ ವೇಗ ಒಂದೇ ಇದ್ದರೂ ನಾಲ್ಕರ ಮೈಯೂ ಬೇರೆ. ಮೊದಲನೆಯದು ಜಿಗಿಯುತ್ತದೆ, ಎರಡನೆಯದು ಹೆಜ್ಜೆ ಹಾಕುತ್ತದೆ, ಮೂರನೆಯದು ತೂಗುತ್ತದೆ, ನಾಲ್ಕನೆಯದು ಕುಂಟುತ್ತ ಓಡಿದಂತೆ ಮುಂದೆ ಎಳೆಯುತ್ತದೆ. ಕವಿತೆಯ ಲಯ ಎಂದು ಬರೆಯುವಾಗ ನಾವು ಹೇಳುತ್ತಿರುವುದು ಈ ಮೈಯನ್ನು. ಹೊಸ ಪದಕ್ಕೆ ಧಾಟಿ ಕೂಡಿಸುವವರು ಮೊದಲು ಈ ಅಳತೆ ಮಾಡಿ, ಆಮೇಲೆ ರಾಗಕ್ಕೆ ಹೋಗಬೇಕು. ಐದರ ಪದವನ್ನು ಕೆಹರವಾದ ಧಾಟಿಗೆ ಎಳೆದು ಕಟ್ಟಿದರೆ ಪ್ರತಿ ಗಣದಲ್ಲೂ ಯಾವುದೋ ಹ್ರಸ್ವ ದೀರ್ಘವಾಗುತ್ತದೆ. ‘ಮನ’ ಹೋಗಿ ‘ಮಾನ’ ಆಗುತ್ತದೆ. ಭಜನೆಯಲ್ಲಿ ಅರ್ಥ ಕೆಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ.

ತಬಲಾದವರ ಜೊತೆ ಮಾತಾಡುವಾಗ

ಬಲು ಹುಷಾರಾಗಿರಬೇಕಾದ ಮಾತು ‘ರೂಪಕ’. ಕರ್ನಾಟಕ ಪದ್ಧತಿಯ ರೂಪಕ 6 ಅಕ್ಷರ, 2+4. ಹಿಂದುಸ್ತಾನಿಯ ರೂಪಕ್ 7 ಮಾತ್ರೆ, 3+2+2. ಠೇಕಾ (ತಬಲಾದ ಪೆಟ್ಟಿನ ನುಡಿಗಳ, ಅಂದರೆ ಬೋಲುಗಳ ಸಾಲು) ‘ತಿನ್ ತಿನ್ ನಾ, ಧಿನ್ ನಾ, ಧಿನ್ ನಾ’ ಎಂದು ನಡೆಯುತ್ತದೆ, ಅದರ ಸಮ್ (ಆವರ್ತನದ ಮೊದಲ ಮಾತ್ರೆ) ಬೀಳುವುದೇ ಖಾಲಿಯ (ಪೆಟ್ಟಿಲ್ಲದೆ ಕೈ ಬೀಸುವ ಜಾಗದ) ಮೇಲೆ. ಪುಸ್ತಕ ನೋಡಿ ‘ರೂಪಕ ತಾಳ’ ಎಂದು ಹೇಳಿ ಹಾಡು ಎತ್ತಿದರೆ ಎರಡನೇ ಆವರ್ತನಕ್ಕೇ ಒಂದು ಮಾತ್ರೆಯ ವ್ಯತ್ಯಾಸ ಕಾಣುತ್ತದೆ, ಮೂರನೆಯದಕ್ಕೆ ಎರಡು. ಯಾರದೂ ತಪ್ಪಲ್ಲ, ಹೆಸರಿನದು ತಪ್ಪು. ಇಂಥ ಪದಕ್ಕೆ ‘ಆರು ಮಾತ್ರೆ’ ಎಂದೇ ಹೇಳಿ. ಅವರು ದಾದ್ರಾ ಎತ್ತುತ್ತಾರೆ. ದಾದ್ರಾ 3+3 ಆದ್ದರಿಂದ ಎಣಿಕೆ ಕೂಡಿದರೂ ಒತ್ತು ಜಗಳವಾಡಬಹುದು. ಹಾಗಾದರೆ 2+4 ಎಂದು ಕೈಯಲ್ಲಿ ತಾಳ ಹಾಕಿ ತೋರಿಸಿ, ಸಾದಾ ಬೋಲು ಕೇಳಿ.

ದಾಸರ ಪದಗಳ ಹಳೆಯ ಪುಸ್ತಕದಲ್ಲಿ ‘ತ್ರಿಪುಟ’ ಎಂದಿದ್ದರೆ ಅದು ಹೆಚ್ಚಾಗಿ ತ್ರಿಶ್ರ ತ್ರಿಪುಟ, 3+2+2. ತಬಲಾದ ರೂಪಕ್ ಬೇಕಾಗುವುದು ಇದಕ್ಕೆ! ‘ಝಂಪೆ’ ಎಂದಿದ್ದರೆ ಮಾತ್ರ ಹಾಡಿನ ಗಣ ಅಳೆದು ನೋಡಿ. ಮಿಶ್ರ ಝಂಪೆ 10 ಅಕ್ಷರ, 7+1+2. ಝಪ್‌ತಾಲಿನದೂ 10, ಆದರೆ 2+3+2+3. ಪದ ಐದೈದಾಗಿ ಒಡೆದರೆ ಝಪ್‌ತಾಲ್ ಕೇಳಿ.

‘ಎರಡನೇ ಕಾಲ’ವೂ ತೊಂದರೆ ಕೊಡುವ ಮಾತು. ಕೈಯ ಪೆಟ್ಟು ಇದ್ದಲ್ಲೇ ಇದ್ದು ಸಾಹಿತ್ಯ ಎರಡರಷ್ಟು ಓಡುವುದು ಎರಡನೇ ಕಾಲ. ಹಿಂದುಸ್ತಾನಿಯಲ್ಲಿ ಇದಕ್ಕೆ ದುಗುನ್ ಎನ್ನುತ್ತಾರೆ. ಬರಿದೇ ‘ಡಬಲ್ ಮಾಡಿ’ ಎಂದರೆ ತಬಲಾದವರು ಠೇಕಾವನ್ನೇ ಎರಡರಷ್ಟು ವೇಗಕ್ಕೆ ಒಯ್ಯುತ್ತಾರೆ, ಹಾಡುವವರ ಉಸಿರು ಕಟ್ಟುತ್ತದೆ. ‘ಠೇಕಾ ತೋಚ್, ಆಮ್ಹೀ ದುಗುನ್’, ಅಂದರೆ ಠೇಕಾ ಅದೇ ಇರಲಿ, ನಾವು ದುಗುನ್ ಹಾಡುತ್ತೇವೆ. ಈ ಒಂದು ಮರಾಠಿ ವಾಕ್ಯ ಬಾಯಿಪಾಠವಾದರೆ ಸಾಕು. ವೇಗ ಇಳಿಸಬೇಕಾದರೆ ‘ಲಯ ಥೋಡೀ ಕಮೀ ಕರಾ’.

ಮಾತ್ರೆ, ಅಕ್ಷರಗಳೂ ಜಾಗ ಬದಲಿಸುವ ಪದಗಳೇ. ಛಂದಸ್ಸಿನಲ್ಲಿ ಮಾತ್ರೆ ಒಂದು ಲಘುವಿನ ಕಾಲ. ತಬಲಾದಲ್ಲಿ ಒಂದು ಎಣಿಕೆ. ಛಂದಸ್ಸಿನಲ್ಲಿ ಅಕ್ಷರ ಬರೆಯುವ ಅಕ್ಷರ; ಕರ್ನಾಟಕ ತಾಳದಲ್ಲಿ ಒಂದು ಎಣಿಕೆ.

ಎಡುಪಿನ, ಅಂದರೆ ಹಾಡು ಏಳುವ ಜಾಗದ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಕರ್ನಾಟಕ ಶೈಲಿಯ ಎಷ್ಟೋ ಕೃತಿಗಳು ತಾಳದ ಮೊದಲ ಪೆಟ್ಟಿಗೆ ಶುರುವಾಗದೆ ಅರ್ಧ ಅಥವಾ ಒಂದೂವರೆ ಅಕ್ಷರ ಬಿಟ್ಟು ಏಳುತ್ತವೆ. ಸಮ್ ಎಲ್ಲಿ ಎಂದು ಹುಡುಕುವ ತಬಲಾದವರು ಸಹಜವಾಗಿ ಮೊದಲ ಶಬ್ದವನ್ನೇ ಸಮ್ ಎಂದು ಹಿಡಿಯುತ್ತಾರೆ. ಹಾಡು ಎತ್ತುವ ಮೊದಲು ಒಂದು ಇಡೀ ಆವರ್ತನವನ್ನು ಹಾಡದೆ ಕೈಯಲ್ಲಿ ಹಾಕಿ ತೋರಿಸಿದರೆ ಮಾತೇ ಬೇಡ.

ಕೇಳಿ ಕಲಿಯುವುದು

ಪುಣೆಯಲ್ಲಿ 1953ರಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವ ಕನ್ನಡಿಗರಿಗೆ ಹೊರಗಿನದಲ್ಲ. ಸವಾಯಿ ಗಂಧರ್ವರು ಕುಂದಗೋಳದವರು, ಉತ್ಸವ ಕಟ್ಟಿದ ಭೀಮಸೇನ ಜೋಶಿ ಗದಗಿನ ಕಡೆಯವರು. ಅವರಿಬ್ಬರ ಗಾಯನ ಪರಂಪರೆಯಾದ ಕಿರಾಣಾ ಘರಾನೆಯ ವಿಲಂಬಿತ ಏಕತಾಳ ಲಯದ ಪರೀಕ್ಷೆಗೆ ಒಳ್ಳೆಯ ಪಾಠ. 12 ಮಾತ್ರೆಯ ಒಂದು ಆವರ್ತನಕ್ಕೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ದೂರದ ಬಿಡುವನ್ನು ಬರಿಗೈಯಲ್ಲಿ ಹಿಡಿಯಲಾಗದು. ಪ್ರತಿ ಮಾತ್ರೆಯೊಳಗೆ ನಾಲ್ಕು ಎಣಿಸಿ. ಗುರುತಿಗೆ ‘ತಿರಕಿಟ’ ಬೋಲನ್ನು ಕಾಯಿರಿ. ಅದು 4ನೇ ಮಾತ್ರೆಯಲ್ಲಿ ಒಮ್ಮೆ, 10ನೇ ಮಾತ್ರೆಯಲ್ಲಿ ಇನ್ನೊಮ್ಮೆ ಬರುತ್ತದೆ. ಎರಡನೇ ತಿರಕಿಟ ಕೇಳಿತೆಂದರೆ 11, 12 ದಾಟಿ ಸಮ್. ಗಾಯಕರು ಮುಖಡಾ, ಅಂದರೆ ಸಮ್ಮಿಗೆ ತಂದು ಸೇರಿಸುವ ಹಾಡಿನ ಮೊದಲ ತುಣುಕು ಹಿಡಿಯುವುದೂ ಈ ಹೊತ್ತಿಗೇ.

ಲಯ ಎಲ್ಲಿ ಕೆಡುತ್ತದೆ

ಭಜನೆ ಓಡುವುದು ಹೆಚ್ಚಾಗಿ ಚಪ್ಪಾಳೆಯಿಂದ. ಸದ್ದು ಏರಿದಂತೆ ವೇಗವೂ ಏರುತ್ತದೆ. ಉತ್ಸಾಹಕ್ಕೆ ತೋಳಿನ ಬಲ ಸೇರುತ್ತದೆ, ಬಿಡುವು ಕಿರಿದಾಗುತ್ತದೆ. ತಾಳ ಹಿಡಿಯುವ ಒಬ್ಬರನ್ನೇ ಮುಂದೆ ಕೂರಿಸಿ, ಉಳಿದವರು ಅವರ ಕೈ ನೋಡಲಿ, ಪಕ್ಕದವರ ಚಪ್ಪಾಳೆ ಕೇಳುವುದು ಬೇಡ. ವೇಗ ಏರಿಸಬೇಕೆಂದಿದ್ದರೆ ಚರಣ ಮುಗಿದು ಪಲ್ಲವಿಗೆ ಮರಳುವಾಗ ಏರಿಸಿ, ಸಾಲಿನ ನಡುವೆ ಎಂದೂ ಬೇಡ.

ಗಣೇಶೋತ್ಸವದ ದೊಡ್ಡ ಪೆಂಡಾಲಿನಲ್ಲಿ ಹಿಂದಿನ ಸಾಲಿನವರ ಚಪ್ಪಾಳೆ ತಡವಾಗಿ ಕೇಳುವುದು ಅವರ ದೋಷವಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ದೂರದವರಿಗೆ ವೇದಿಕೆಯ ಪೆಟ್ಟು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ, ಅವರ ಚಪ್ಪಾಳೆ ವೇದಿಕೆಗೆ ಮರಳಲು ಇನ್ನೊಂದು ಅಷ್ಟೇ. ನಿಮಿಷಕ್ಕೆ 120ರ ವೇಗದಲ್ಲಿ ಎರಡು ಪೆಟ್ಟಿನ ನಡುವೆ ಇರುವುದೇ ಅರ್ಧ ಸೆಕೆಂಡು. ವೇದಿಕೆಯವರು ಆ ಚಪ್ಪಾಳೆಗೆ ಹೊಂದಿಕೊಳ್ಳಲು ಹೋದರೆ ಹಾಡು ನಿಧಾನವಾಗುತ್ತ ಹೋಗುತ್ತದೆ. ತಮ್ಮ ತಬಲಾವನ್ನೇ ಕೇಳಬೇಕು. ಸದ್ದು ತಡವಾಗಿ ಮುಟ್ಟುತ್ತದೆ ಎಂಬ ಇದೇ ಕಾರಣಕ್ಕೆ ವಿಡಿಯೋ ಕರೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡಿ ಅಭ್ಯಾಸ ಮಾಡುವುದು ವ್ಯರ್ಥ. ಒಬ್ಬರು ಹಾಡಲಿ, ಉಳಿದವರು ಮೈಕ್ ಮುಚ್ಚಿ ಜೊತೆ ಹಾಡಿಕೊಳ್ಳಲಿ.

ಬರೆಯುವಾಗ

ಆಮಂತ್ರಣ ಪತ್ರಿಕೆಯಲ್ಲಿ, ವರದಿಯಲ್ಲಿ ಈ ಪದ ಎರಡು ಅರ್ಥದ ನಡುವೆ ಸಿಕ್ಕಿಬೀಳುತ್ತದೆ. ‘ತಂಡ ಲಯವಾಗಿ ಹಾಡಿತು’ ಎಂದರೆ ತಂಡವೇ ಕರಗಿಹೋಯಿತು ಎಂದೂ ಓದಬಹುದು. ‘ಲಯಬದ್ಧವಾಗಿ ಹಾಡಿತು’ ಎನ್ನಿ. ‘ಲಯವಾಯಿತು’ ಎಂದರೆ ನಾಶವಾಯಿತು, ‘ಲಯಕ್ಕೆ ಬಂತು’ ಎಂದರೆ ಹದಕ್ಕೆ ಬಂತು. ಒಂದು ಪ್ರತ್ಯಯದಲ್ಲಿ ಅರ್ಥ ತಿರುಗುಮುರುಗು. ಮೃದಂಗ, ತಬಲಾ, ಘಟಗಳಿಗೆ ‘ಲಯವಾದ್ಯ’ ಎಂಬ ಚೆಂದದ ಪದವಿದೆ. ಅದಿರುವಾಗ ‘ತಾಳವಾದ್ಯ’ ಎಂದು ಬರೆದರೆ ಕಂಚಿನ ತಾಳದ ನೆನಪಾಗುತ್ತದೆ, ಹಾಗಾಗಿ ಮೊದಲನೆಯದೇ ಮೇಲು. ತಾಳ ತಪ್ಪಿತು, ಲಯ ತಪ್ಪಿತು ಒಂದೇ ಅಲ್ಲ. ಎಣಿಕೆಯಲ್ಲಿ ಒಂದು ಅಕ್ಷರ ಬಿಟ್ಟುಹೋದರೆ ತಾಳ ತಪ್ಪಿದ್ದು. ಎಂಟೂ ಅಕ್ಷರ ಇದ್ದು ನಡುವಿನ ಬಿಡುವು ಹಿಗ್ಗಿ ಕುಗ್ಗಿದರೆ ಲಯ ತಪ್ಪಿದ್ದು.

ಬ್ಯಾಟರ್ ಲಯಕ್ಕೆ ಮರಳಿದ ಎಂದು ಕ್ರೀಡಾಪುಟದವರು ಬರೆಯುವುದು ಸರಿಯಾದ ಬಳಕೆ. ಪಾದ, ಕಣ್ಣು, ಬ್ಯಾಟು ಹೊಂದಿ ನಡೆಯುವುದೂ ಸಾಮ್ಯವೇ. ಆದರೆ ‘ಬೆಲೆಯೇರಿಕೆಯ ಲಯ’, ‘ಮಾರಾಟದ ಲಯ’ ಎಂದು ವೇಗವಿರುವಲ್ಲೆಲ್ಲ ಲಯವನ್ನು ತುರುಕುವುದು ಮರಾಠಿ, ಹಿಂದಿ ಸುದ್ದಿಯನ್ನು ನೋಡಿ ಬರೆಯುವವರ ಕೈಯಲ್ಲಿ ಹೆಚ್ಚುತ್ತಿದೆ. ಅಲ್ಲಿ ವೇಗ, ಗತಿ, ಓಟ ಎಂಬ ಮಾತುಗಳು ಸಾಲುಗಟ್ಟಿ ನಿಂತಿವೆ. ಮತ್ತೆ ಮತ್ತೆ ಸಮವಾಗಿ ಬರುವ ಬಿಡುವು ಇರುವ ಕಡೆಗೆ ಲಯವನ್ನು ಉಳಿಸಿಕೊಳ್ಳಿ: ಅಲೆ, ಉಸಿರು, ಮಗ್ಗದ ಲಾಳಿ, ಒನಕೆಯ ಪೆಟ್ಟು, ಯಕ್ಷಗಾನದ ಹೆಜ್ಜೆ.